ಸೋರಿಯಾಸಿಸ್ ಕೆರಳಿದಾಗ ಮೂರು ವಾರ ಹಿಂದಕ್ಕೆ ನೋಡಿ

ಒಮ್ಮೆ ಸೈಕಲ್ ಪೆಡಲ್ ತಾಗಿ ಮೊಣಕಾಲಿನ ಕೆಳಗೆ ಉದ್ದಕ್ಕೆ ತರಚಿತ್ತು. ರಕ್ತ ಕೂಡ ಸರಿಯಾಗಿ ಬರಲಿಲ್ಲ. ನೀರಲ್ಲಿ ತೊಳೆದುಕೊಂಡು ಮರೆತುಬಿಟ್ಟೆ. ಹಕ್ಕಳೆ ಕಟ್ಟಿತು, ಉದುರಿತು. ಅದಾಗಿ ಎರಡು ವಾರದ ಮೇಲೆ ಸ್ನಾನ ಮಾಡುವಾಗ ನೋಡಿದರೆ, ತರಚಿದ್ದ ಜಾಗದಲ್ಲೇ, ಅಷ್ಟೇ ಉದ್ದಕ್ಕೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಂದು ಕೆಂಪು ಪಟ್ಟಿ. ಅದರ ಮೇಲೆ ಬೆಳ್ಳಗಿನ ಹೊಟ್ಟು. ಅಲ್ಲಿಯವರೆಗೆ ನನಗೆ ಸೋರಿಯಾಸಿಸ್ ಇದ್ದದ್ದು ಎರಡು ಮೊಣಕೈಗಳ ಮೇಲೆ ಮಾತ್ರ. ಆ ವಾರ ತಿಂದದ್ದು, ಬದಲಾಯಿಸಿದ ಸೋಪು, ಹೊಸ ಪ್ಯಾಂಟು, ಎಲ್ಲದರ ಮೇಲೂ ಅನುಮಾನ ಬಂತು. ತರಚಿದ ಗಾಯ ಮಾತ್ರ ನೆನಪಿಗೇ ಬರಲಿಲ್ಲ. ಚರ್ಮದ ಡಾಕ್ಟರು ಆ ಗೆರೆ ನೋಡಿದ ಕೂಡಲೇ "ಇಲ್ಲಿ ಏನಾದರೂ ತಾಗಿತ್ತಾ?" ಅಂತ ಕೇಳಿದಾಗಲೇ ಹೊಳೆದದ್ದು.

ಸೋರಿಯಾಸಿಸ್ ಇರುವ ನಾವು ಬಹಳಷ್ಟು ಜನ ಎಡವುವುದು ಇಲ್ಲೇ. ಇವತ್ತು ಜಾಸ್ತಿಯಾದರೆ ನಿನ್ನೆ ಏನು ಮಾಡಿದೆ ಅಂತ ಹುಡುಕುತ್ತೇವೆ. ಆದರೆ ಅದನ್ನು ಕೆರಳಿಸಿದ್ದು ಎಷ್ಟೋ ಸಲ ಎರಡು ಮೂರು ವಾರದ ಹಿಂದೆ ಇರುತ್ತದೆ, ಕೆಲವೊಮ್ಮೆ ತಿಂಗಳುಗಳ ಹಿಂದೆ. ಹಿಂದಕ್ಕೆ ನೋಡುವುದು ಹೇಗೆ, ಎಲ್ಲೆಲ್ಲಿ ನೋಡಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಇದು ಸೋರಿಯಾಸಿಸೇ ಹೌದಾ, ಖಚಿತ ಮಾಡಿಕೊಳ್ಳಿ

ರೋಗದ ಹೆಸರೇ ತಪ್ಪಾಗಿದ್ದರೆ ಮುಂದಿನ ಹುಡುಕಾಟವೆಲ್ಲ ವ್ಯರ್ಥ. ಹುಳುಕಡ್ಡಿ, ಇಸುಬು, ತಲೆಹೊಟ್ಟು ಇವೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ. ಹುಳುಕಡ್ಡಿ ಫಂಗಸ್‌ನಿಂದ ಬರುವುದು. ಸಾಮಾನ್ಯವಾಗಿ ಅಂಚು ಉಂಗುರದ ಹಾಗೆ ಎದ್ದು, ನಡುಭಾಗ ತಿಳಿಯಾಗುತ್ತಾ ಹರಡುತ್ತದೆ. ಅದಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಮೊದಲು ಕಡಿಮೆಯಾದ ಹಾಗೆ ಕಂಡು, ಆಮೇಲೆ ಇನ್ನಷ್ಟು ಹಬ್ಬುತ್ತದೆ. ಇಸುಬು ಹೆಚ್ಚಾಗಿ ಬರುವುದು ಕೈ ಮಡಚುವ ಒಳಭಾಗದಲ್ಲಿ, ಮೊಣಕಾಲಿನ ಹಿಂದೆ. ಸೋರಿಯಾಸಿಸ್ ಇದರ ಉಲ್ಟಾ. ಮೊಣಕೈಯ ಹೊರಭಾಗ, ಮಂಡಿಚಿಪ್ಪಿನ ಮೇಲೆ, ತಲೆಯಲ್ಲಿ, ಸೊಂಟದ ಹಿಂದೆ, ಹೊಕ್ಕುಳಲ್ಲಿ. ಬಲಗೈಯಲ್ಲಿ ಇದ್ದರೆ ಎಡಗೈಯಲ್ಲೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಇರುತ್ತದೆ. ಅಂಚು ಸ್ಪಷ್ಟ, ಬೆರಳಿಟ್ಟು ಇಲ್ಲಿಂದ ಇಲ್ಲಿಗೆ ಅಂತ ತೋರಿಸಬಹುದು. ಮೇಲೆ ದಪ್ಪನೆಯ ಹೊಟ್ಟು. ಉಗುರುಗಳನ್ನೂ ನೋಡಿ: ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳಿದ್ದರೆ ಅದು ದೊಡ್ಡ ಸುಳಿವು.

ಒಂದು ಮಾತು. ಓದುವ ಕಡೆಯಲ್ಲೆಲ್ಲ "ಕೆಂಪು ಮಚ್ಚೆ" ಅಂತಲೇ ಬರೆದಿರುತ್ತದೆ. ಮೈಬಣ್ಣ ಕಪ್ಪಗಿದ್ದವರಲ್ಲಿ ಅದು ನೇರಳೆಯಾಗಿ, ಗಾಢ ಕಂದಾಗಿ, ಬೂದಿ ಬಣ್ಣವಾಗಿಯೂ ಕಾಣಬಹುದು. ಕೆಂಪಗಿಲ್ಲ, ಹಾಗಾಗಿ ಅಲ್ಲ ಅಂತ ತೀರ್ಮಾನಕ್ಕೆ ಬರಬೇಡಿ.

ಹೊಟ್ಟು ಕೆರೆದರೆ ಕೆಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಕಾಣುತ್ತವೆ ಅನ್ನುವುದು ನಿಜ, ಅದು ಹಳೆಯ ಗುರುತು. ಆದರೆ ದಯವಿಟ್ಟು ಮನೆಯಲ್ಲಿ ಕೆರೆದು ನೋಡಬೇಡಿ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಇದನ್ನು ಕಂಡುಹಿಡಿಯುವ ರಕ್ತ ಪರೀಕ್ಷೆ ಅಂತ ಯಾವುದೂ ಇಲ್ಲ. ಚರ್ಮದ ಡಾಕ್ಟರು ಕಣ್ಣಲ್ಲಿ ನೋಡಿಯೇ ಹೇಳುತ್ತಾರೆ, ಅನುಮಾನವಿದ್ದರೆ ಚರ್ಮದ ಚಿಕ್ಕ ಚೂರು ತೆಗೆದು ಬಯಾಪ್ಸಿ ಮಾಡಿಸುತ್ತಾರೆ.

ಹೆಜ್ಜೆ 2: "ಯಾಕೆ ಬಂತು" ಮತ್ತು "ಈಗ ಯಾಕೆ ಜಾಸ್ತಿಯಾಯ್ತು" ಎರಡನ್ನೂ ಬೇರೆ ಬೇರೆ ಮಾಡಿ

ಇವು ಎರಡು ಬೇರೆ ಪ್ರಶ್ನೆಗಳು. ಕಲಸಿಬಿಟ್ಟರೆ ಎರಡಕ್ಕೂ ಉತ್ತರ ಸಿಗುವುದಿಲ್ಲ.

ಮೊದಲನೆಯದು. ನಮ್ಮ ಚರ್ಮದ ಮೇಲ್ಪದರ ಸದಾ ಹೊಸದಾಗುತ್ತಲೇ ಇರುತ್ತದೆ. ತಳದಲ್ಲಿ ಹುಟ್ಟಿದ ಕೋಶ ನಿಧಾನವಾಗಿ ಮೇಲೆ ಬಂದು, ಒಣಗಿ, ನಮಗೆ ಗೊತ್ತಾಗದ ಹಾಗೆ ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಪ್ರಯಾಣ ಮೂರರಿಂದ ಏಳು ದಿನದಲ್ಲಿ ಮುಗಿದುಹೋಗುತ್ತದೆ. ಕೋಶಗಳು ಪಕ್ವವಾಗುವ ಮೊದಲೇ ಮೇಲೆ ಬಂದು ಒಂದರ ಮೇಲೊಂದು ಗುಡ್ಡೆ ಬೀಳುತ್ತವೆ. ನಾವು ನೋಡುವ ಹೊಟ್ಟು ಅದೇ.

ಈ ಅವಸರ ಯಾಕೆ? ಸೋಂಕಿನ ವಿರುದ್ಧ ಹೋರಾಡಬೇಕಾದ ಟಿ ಕೋಶಗಳು, ಅಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ, ಶತ್ರು ಇಲ್ಲದಿದ್ದರೂ ಚರ್ಮದಲ್ಲಿ ಸೇರಿಕೊಂಡು ಉರಿಯೂತದ ಸಂದೇಶಗಳನ್ನು ಕಳಿಸುತ್ತಲೇ ಇರುತ್ತವೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಅನ್ನುವುವು ಇವುಗಳಲ್ಲಿ ಮುಖ್ಯವಾದವು. ಇದು ಬರೀ ಊಹೆಯಲ್ಲ. ಈ ಒಂದೊಂದು ಸಂದೇಶವನ್ನೇ ತಡೆಯುವ ಇಂಜೆಕ್ಷನ್‌ಗಳು ಈಗ ಇವೆ, ಅವನ್ನು ತೆಗೆದುಕೊಂಡ ಎಷ್ಟೋ ಜನರ ಚರ್ಮ ಪೂರ್ತಿ ತಿಳಿಯಾಗುತ್ತದೆ. ಅಂದರೆ ಗಲಾಟೆ ಇರುವುದು ರೋಗನಿರೋಧಕ ವ್ಯವಸ್ಥೆಯಲ್ಲಿ. "ರಕ್ತ ಕೆಟ್ಟಿದೆ" ಅನ್ನುವುದು, "ಶುಚಿ ಸಾಲದು" ಅನ್ನುವುದು, "ಮುಟ್ಟಿದರೆ ಅಂಟುತ್ತೆ" ಅನ್ನುವುದು ಮೂರೂ ಸುಳ್ಳು.

ಆ ವ್ಯವಸ್ಥೆ ಹೀಗೆ ವರ್ತಿಸುವ ಸ್ವಭಾವ ಹೆಚ್ಚಾಗಿ ವಂಶವಾಹಿಗಳಿಂದ ಬರುತ್ತದೆ. ಒಂದೇ ಜೀನ್ ಅಲ್ಲ, ಹತ್ತಾರು ಸೇರಿ. ಅವುಗಳಲ್ಲಿ ಹೆಚ್ಚು ಪ್ರಭಾವದ್ದು 6ನೇ ಕ್ರೋಮೋಸೋಮ್‌ನಲ್ಲಿರುವ ಎಚ್‌ಎಲ್‌ಎ-ಸಿಡಬ್ಲ್ಯು6. ಆದರೆ ಇದು ಇದ್ದವರಿಗೆಲ್ಲ ರೋಗ ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಸೋರಿಯಾಸಿಸ್ ಇದ್ದು ಇನ್ನೊಬ್ಬರಿಗೆ ಇಲ್ಲದೇ ಇರುವುದೂ ಉಂಟು. ಇಬ್ಬರ ಜೀನ್‌ಗಳೂ ಒಂದೇ ಅಲ್ವಾ? ಹಾಗಾದರೆ ಜೀನ್ ಒಂದೇ ಸಾಲದು, ಹೊರಗಿನಿಂದ ಏನೋ ಬಂದು ಸೇರಬೇಕು.

ನಾನು ಇದನ್ನು ಮಣ್ಣಿನಲ್ಲಿರುವ ಬೀಜ ಮತ್ತು ಮಳೆಯ ಹಾಗೆ ಅರ್ಥ ಮಾಡಿಕೊಂಡಿದ್ದೇನೆ. ಬೀಜ ಹುಟ್ಟಿನಿಂದ ಇದೆ. ಮಳೆ ಬಿದ್ದಾಗ ಮೊಳಕೆ ಏಳುತ್ತದೆ, ಅದೂ ಮಳೆ ಬಿದ್ದ ದಿನವೇ ಅಲ್ಲ, ಕೆಲವು ದಿನ ಕಳೆದ ಮೇಲೆ. ಈ ಮಳೆಯನ್ನೇ ಡಾಕ್ಟರುಗಳು ಟ್ರಿಗರ್ ಅನ್ನುತ್ತಾರೆ. ಇಪ್ಪತ್ತು ಮೂವತ್ತರ ಆಸುಪಾಸಿನಲ್ಲಿ ಒಮ್ಮೆ, ಐವತ್ತು ಅರವತ್ತರ ನಡುವೆ ಇನ್ನೊಮ್ಮೆ, ಹೀಗೆ ಎರಡು ವಯಸ್ಸುಗಳಲ್ಲಿ ಇದು ಮೊದಲ ಸಲ ಕಾಣಿಸಿಕೊಳ್ಳುವುದು ಜಾಸ್ತಿ. ಬೀಜ ಅಷ್ಟು ವರ್ಷ ಸುಮ್ಮನೆ ಕಾದಿರುತ್ತದೆ.

ಇದನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ತನ್ನ ತಪ್ಪಿನಿಂದಲೇ ಬಂತು ಅಂತ ಕೊರಗುವವರು, ಮಗುವಿಗೆ ಬಂದರೆ ನಾನು ಬಸುರಿನಲ್ಲಿ ಏನೋ ತಿಂದೆ ಅಂತ ಅಳುವ ತಾಯಂದಿರು ತುಂಬ ಇದ್ದಾರೆ. ಯಾರೂ ಏನೂ ತಪ್ಪು ಮಾಡಿಲ್ಲ. ಬಹಳ ಕಾಲ ಈ ರೋಗವನ್ನು ಕುಷ್ಠದ ಜೊತೆ ಸೇರಿಸಿ ಜನರನ್ನು ದೂರ ಇಟ್ಟಿದ್ದರು. ವಿಯೆನ್ನಾದ ಫರ್ಡಿನಾಂಡ್ ವಾನ್ ಹೆಬ್ರಾ ಅನ್ನುವ ಡಾಕ್ಟರು 1841ರಲ್ಲಿ ಎರಡೂ ಬೇರೆ ಅಂತ ಸ್ಪಷ್ಟ ಮಾಡಿದರು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರಿ, ಇದು ದೀರ್ಘಕಾಲದ, ನೋವು ಕೊಡುವ, ಅಂಟುರೋಗವಲ್ಲದ ಕಾಯಿಲೆ ಅಂತ ನಿರ್ಣಯವನ್ನೇ ಮಾಡಿದವು. ಇಷ್ಟಾದರೂ ಪಕ್ಕದಲ್ಲಿ ಕೂತವರು ಸರಿದು ಕೂರುವುದು ನಿಂತಿಲ್ಲ, ಅದು ನನಗೆ ಈಗಲೂ ನೋವಿನ ವಿಷಯ.

ಹೆಜ್ಜೆ 3: ಕ್ಯಾಲೆಂಡರ್ ತೆಗೆಯಿರಿ

ಹೊಸ ಮಚ್ಚೆ ಕಂಡ ದಿನ, ಅಥವಾ ಹಳೆಯದು ಕೆರಳಿದ ದಿನ ಗುರುತು ಹಾಕಿ. ಅಲ್ಲಿಂದ ಹಿಂದಕ್ಕೆ ಹೋಗಿ. ಹತ್ತರಿಂದ ಇಪ್ಪತ್ತು ದಿನ ಹಿಂದೆ ಆ ಜಾಗದಲ್ಲಿ ಗಾಯ, ತರಚು, ಸುಟ್ಟದ್ದು ಇತ್ತಾ? ಒಂದರಿಂದ ಮೂರು ವಾರ ಹಿಂದೆ ಗಂಟಲು ನೋವು, ಜ್ವರ? ಹಿಂದಿನ ಒಂದೆರಡು ತಿಂಗಳಲ್ಲಿ ನಿದ್ದೆಗೆಡಿಸಿದ ಚಿಂತೆ, ಸಾವು, ಕೆಲಸ ಹೋದದ್ದು, ಪರೀಕ್ಷೆ? ಹಿಂದಿನ ಒಂದು ವರ್ಷದಲ್ಲಿ ಶುರುವಾದ, ನಿಂತ, ಡೋಸ್ ಬದಲಾದ ಮಾತ್ರೆ?

ಮನೆಯವರನ್ನು ಕೇಳಿ. ನಮಗೆ ಮರೆತದ್ದು ಅವರಿಗೆ ನೆನಪಿರುತ್ತದೆ. ಫೋನಿನಲ್ಲಿರುವ ಫೋಟೋಗಳು, ಮಾತ್ರೆ ಚೀಟಿಗಳು, ಆಫೀಸಿಗೆ ರಜೆ ಹಾಕಿದ ದಿನಗಳು, ಇವೆಲ್ಲ ದಿನಾಂಕ ಹಿಡಿಯಲು ಸಹಾಯ ಮಾಡುತ್ತವೆ.

ಹೆಜ್ಜೆ 4: ಚರ್ಮಕ್ಕೆ ಏನಾಗಿತ್ತು?

ನನ್ನ ಕಾಲಿನ ಗೆರೆಗೆ ಒಂದು ಹೆಸರಿದೆ. ಹೈನ್ರಿಶ್ ಕೋಬ್ನರ್ ಅನ್ನುವ ಜರ್ಮನ್ ಚರ್ಮವೈದ್ಯರು 1872ರಲ್ಲಿ ಇದನ್ನು ವಿವರಿಸಿದರು. ಅವರ ರೋಗಿಯೊಬ್ಬರಿಗೆ ಕುದುರೆ ಕಚ್ಚಿದ ಜಾಗದಲ್ಲಿ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ ಸೋರಿಯಾಸಿಸ್ ಎದ್ದಿತ್ತು. ಅದಕ್ಕೇ ಇವತ್ತಿಗೂ ಇದನ್ನು ಕೋಬ್ನರ್ ಪರಿಣಾಮ ಅಂತ ಕರೆಯುತ್ತಾರೆ. ಎಲ್ಲರಿಗೂ ಆಗುವುದಿಲ್ಲ. ಒಬ್ಬರಿಗೇ ಒಂದು ಕಾಲದಲ್ಲಿ ಆಗಿ ಇನ್ನೊಂದು ಕಾಲದಲ್ಲಿ ಆಗದೆಯೂ ಇರಬಹುದು, ರೋಗ ಜೋರಾಗಿರುವಾಗ ಆಗುವುದು ಜಾಸ್ತಿ.

ಗಾಯ ಅಂದರೆ ದೊಡ್ಡ ಗಾಯವೇ ಆಗಬೇಕಿಲ್ಲ. ಬಿಗಿಯಾದ ಬೆಲ್ಟು ದಿನಾ ಉಜ್ಜುವ ಜಾಗ, ವಾಚಿನ ಪಟ್ಟಿ, ಕ್ಷೌರದ ಬ್ಲೇಡು, ಕೀಟ ಕಚ್ಚಿದ್ದು, ಆಪರೇಷನ್ ಹೊಲಿಗೆ, ಬಿಸಿಲಿಗೆ ಸುಟ್ಟ ಬೆನ್ನು, ತಲೆಯನ್ನು ಗಟ್ಟಿಯಾಗಿ ಬಾಚಿದ್ದು. ಎಲ್ಲಕ್ಕಿಂತ ಹೆಚ್ಚು, ನಮ್ಮ ಉಗುರು. ತುರಿಕೆ ಬರುತ್ತದೆ, ಕೆರೆಯುತ್ತೇವೆ. ಕೆರೆದದ್ದೇ ಗಾಯವಾಗಿ ಮಚ್ಚೆ ದೊಡ್ಡದಾಗುತ್ತದೆ, ದೊಡ್ಡದಾದದ್ದು ಇನ್ನೂ ತುರಿಸುತ್ತದೆ. ಹೊಟ್ಟು ಕಿತ್ತು ತೆಗೆಯುವ ಅಭ್ಯಾಸವೂ ಹಾಗೇ. ಕೂತಲ್ಲಿ ಕೈ ತಾನಾಗಿಯೇ ಮೊಣಕೈಗೆ ಹೋಗಿರುತ್ತದೆ, ಟೇಬಲ್ ಮೇಲೆ ಬಿಳಿ ಪುಡಿ ಬಿದ್ದ ಮೇಲೆಯೇ ಗೊತ್ತಾಗುವುದು.

ಮಾಡಬಹುದಾದದ್ದು ಇಷ್ಟು. ಉಗುರು ಚಿಕ್ಕದಾಗಿರಲಿ. ಸ್ನಾನದ ನೀರು ತುಂಬ ಬಿಸಿ ಬೇಡ, ಮೈಯುಜ್ಜುವ ಬ್ರಶ್ ಬೇಡ. ಒರೆಸಿಕೊಂಡ ಎರಡು ಮೂರು ನಿಮಿಷದಲ್ಲಿ, ಚರ್ಮ ಇನ್ನೂ ಸ್ವಲ್ಪ ತೇವ ಇರುವಾಗಲೇ, ವಾಸನೆ ಇಲ್ಲದ ದಪ್ಪ ಮಾಯಿಶ್ಚರೈಸರ್ ಅಥವಾ ವ್ಯಾಸಲೀನ್ ಥರದ್ದು ಹಚ್ಚಿ. ತುರಿಸಿದರೆ ಕೆರೆಯುವ ಬದಲು ತಣ್ಣನೆಯ ಒದ್ದೆ ಬಟ್ಟೆ ಇಡಿ ಅಥವಾ ಅಂಗೈಯಿಂದ ಒತ್ತಿ ಹಿಡಿಯಿರಿ. ರೋಗ ಜೋರಾಗಿರುವಾಗ ಹಚ್ಚೆ ಹಾಕಿಸಿಕೊಳ್ಳಬೇಡಿ. ಆದರೆ ಸೂಜಿ ಚುಚ್ಚುತ್ತಾರೆ ಅಂತ ಲಸಿಕೆ ತಪ್ಪಿಸಬೇಡಿ, ಸೋಂಕು ಬಂದರೆ ಆಗುವ ತೊಂದರೆ ಅದಕ್ಕಿಂತ ದೊಡ್ಡದು. ಆಪರೇಷನ್ ಇದ್ದರೆ ಸೋರಿಯಾಸಿಸ್ ಇದೆ ಅಂತ ಸರ್ಜನ್‌ಗೆ ಮೊದಲೇ ಹೇಳಿ.

ಹೆಜ್ಜೆ 5: ಗಂಟಲು ಕೆಟ್ಟಿತ್ತಾ?

ಮಕ್ಕಳಲ್ಲಿ, ಹದಿಹರೆಯದವರಲ್ಲಿ ಇದನ್ನು ಮೊದಲು ನೋಡಬೇಕು. ಗಂಟಲು ನೋವು ಬಂದು ಹೋಗಿರುತ್ತದೆ, ಎಲ್ಲ ಸರಿಯಾಯಿತು ಅಂದುಕೊಳ್ಳುವ ಹೊತ್ತಿಗೆ ಒಂದೆರಡು ವಾರದಲ್ಲಿ ಎದೆ, ಬೆನ್ನು, ಹೊಟ್ಟೆ, ತೋಳಿನ ಮೇಲೆಲ್ಲ ನೀರಿನ ಹನಿ ಸಿಡಿಸಿದ ಹಾಗೆ ಚಿಕ್ಕ ಚಿಕ್ಕ ಚುಕ್ಕೆಗಳು ಏಳುತ್ತವೆ. ಇದಕ್ಕೆ ಗಟೇಟ್ ಸೋರಿಯಾಸಿಸ್ ಅನ್ನುತ್ತಾರೆ, ಲ್ಯಾಟಿನ್‌ನಲ್ಲಿ ಆ ಮಾತಿನ ಅರ್ಥವೇ ಹನಿ. ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇದರ ಹಿಂದಿರುವ ಸಾಮಾನ್ಯ ಟ್ರಿಗರ್. ಆ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ಟಿ ಕೋಶಗಳು, ಅದನ್ನೇ ಹೋಲುವ ಚರ್ಮದ ಪ್ರೋಟೀನ್‌ಗಳನ್ನೂ ಶತ್ರು ಅಂದುಕೊಳ್ಳುತ್ತವೆ ಅನ್ನುವುದು ವಿಜ್ಞಾನಿಗಳ ವಿವರಣೆ. ಚಿಕ್ಕ ಮಕ್ಕಳಲ್ಲಿ ಗಂಟಲು ಸರಿಯಾಗಿದ್ದು ಗುದದ್ವಾರದ ಸುತ್ತ ಇದೇ ಸೋಂಕು ಇರಬಹುದು, ಅಲ್ಲಿ ಕೆಂಪಗಾಗಿ ನೋವಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ.

ಸಮಾಧಾನದ ಸಂಗತಿ ಏನೆಂದರೆ ಹೀಗೆ ಬಂದದ್ದು ಎಷ್ಟೋ ಮಕ್ಕಳಲ್ಲಿ ಕೆಲವು ವಾರ, ತಿಂಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಕೆಲವರಲ್ಲಿ ಮುಂದೆ ದಪ್ಪ ಮಚ್ಚೆಗಳ ಸೋರಿಯಾಸಿಸ್ ಆಗಿ ಉಳಿಯುತ್ತದೆ. ಗಂಟಲು ನೋವು ಬಂದಾಗೆಲ್ಲ ಚರ್ಮ ಕೆರಳುತ್ತಿದ್ದರೆ ಆ ಜೋಡಿಯನ್ನು ಬರೆದಿಟ್ಟು ತೋರಿಸಿ, ಗಂಟಲಿನ ಸ್ವ್ಯಾಬ್ ಪರೀಕ್ಷೆ ಮಾಡಿಸಿ. ನೀವೇ ಆಂಟಿಬಯಾಟಿಕ್ ತಂದು ನುಂಗಬೇಡಿ.

ಹೆಜ್ಜೆ 6: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರವಿ

ಜನ ಅತಿ ಕಡಿಮೆ ಅನುಮಾನಿಸುವುದು ಇದನ್ನೇ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಿಪಿ, ಎದೆಬಡಿತ, ಮೈಗ್ರೇನ್, ಕೈ ನಡುಕಕ್ಕೆ ಕೊಡುವ ಪ್ರೊಪ್ರನಾಲಾಲ್ ಥರದ ಬೀಟಾ ಬ್ಲಾಕರ್‌ಗಳು. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ. ಮಲೇರಿಯಾ, ಸಂಧಿವಾತಕ್ಕೆ ಕೊಡುವ ಕ್ಲೋರೋಕ್ವಿನ್, ಹೈಡ್ರಾಕ್ಸಿಕ್ಲೋರೋಕ್ವಿನ್. ಇಂಟರ್‌ಫೆರಾನ್ ಇಂಜೆಕ್ಷನ್. ಫಂಗಸ್‌ಗೆ ನುಂಗುವ ಟರ್ಬಿನಾಫಿನ್. ಕೆಲವು ನೋವಿನ ಮಾತ್ರೆಗಳು. ಇವು ಎಲ್ಲರಿಗೂ ತೊಂದರೆ ಕೊಡುವುದಿಲ್ಲ, ಆದರೆ ಸೋರಿಯಾಸಿಸ್ ಕೆರಳಿಸುವ ಪಟ್ಟಿಯಲ್ಲಿ ಬರುತ್ತವೆ. ಲಿಥಿಯಂ, ಬೀಟಾ ಬ್ಲಾಕರ್‌ಗಳ ವಿಷಯದಲ್ಲಿ ಮಾತ್ರೆ ಶುರುವಾಗಿ ತಿಂಗಳುಗಳೇ ಕಳೆದಮೇಲೆ ಚರ್ಮ ಕೆರಳಬಹುದು. "ಈ ಮಾತ್ರೆ ಎಂಟು ತಿಂಗಳಿಂದ ತಗೊಳ್ತಿದ್ದೇನೆ, ಇದರಿಂದ ಹೇಗೆ ಆಗುತ್ತೆ?" ಅಂತ ಅನಿಸುವುದು ಸಹಜ. ಆಗಬಹುದು.

ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಮಾತ್ರೆಯ ಹೆಸರು, ಬ್ರ್ಯಾಂಡ್ ಅಲ್ಲ, ಸ್ಟ್ರಿಪ್‌ನ ಹಿಂದೆ ಚಿಕ್ಕ ಅಕ್ಷರದಲ್ಲಿರುವ ಔಷಧದ ಹೆಸರು ಬರೆಯಿರಿ. ಪಕ್ಕದಲ್ಲಿ ಶುರು ಮಾಡಿದ ತಿಂಗಳು, ಡೋಸ್ ಬದಲಾದ ತಿಂಗಳು, ನಿಲ್ಲಿಸಿದ್ದರೆ ಅದೂ. ಹಚ್ಚುವ ಮುಲಾಮು, ಯಾರೋ ಕೊಟ್ಟ ಪುಡಿ, ಪ್ಯಾಕೆಟ್ ಮೇಲೆ ಏನೂ ಬರೆಯದ ಮಾತ್ರೆ, ಎಲ್ಲವೂ ಹಾಳೆಗೆ ಬರಲಿ. ಇದನ್ನು ಡಾಕ್ಟರ ಕೈಗೆ ಕೊಡಿ. ನಿಮ್ಮಷ್ಟಕ್ಕೆ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ದಿಢೀರ್ ನಿಲ್ಲಿಸಿದರೆ ಹೃದಯಕ್ಕೆ ಅಪಾಯ, ಲಿಥಿಯಂ ನಿಲ್ಲಿಸಿದರೆ ಮನಸ್ಸು ಮತ್ತೆ ಕದಡಬಹುದು. ಬದಲಿ ಔಷಧ ಇದೆಯಾ ಅಂತ ಡಾಕ್ಟರು ನೋಡುತ್ತಾರೆ.

ಇನ್ನು ಸ್ಟೀರಾಯ್ಡ್. ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚುವ ಸ್ಟೀರಾಯ್ಡ್ ಮುಲಾಮು ಒಳ್ಳೆಯ ಔಷಧವೇ. ನಾನು ಹೆದರುವುದು ನುಂಗುವ ಮಾತ್ರೆ ಮತ್ತು ಇಂಜೆಕ್ಷನ್ ಬಗ್ಗೆ. ತೆಗೆದುಕೊಂಡ ವಾರದಲ್ಲೇ ಮೈಯೆಲ್ಲ ತಿಳಿಯಾಗಿಬಿಡುತ್ತದೆ. ಇಷ್ಟು ವರ್ಷ ಯಾರೂ ಮಾಡದ್ದನ್ನು ಇವರು ಮಾಡಿದರು ಅಂತ ಕಣ್ಣಲ್ಲಿ ನೀರು ಬರುತ್ತದೆ. ಔಷಧ ನಿಲ್ಲಿಸಿದ ಮೇಲೆ ಮೊದಲಿಗಿಂತ ಹೆಚ್ಚಾಗಿ ಮರುಕಳಿಸಬಹುದು, ಕೆಲವರಲ್ಲಿ ಮೈತುಂಬ ಕೀವು ಗುಳ್ಳೆಗಳ ರೂಪದಲ್ಲಿ ಬರುತ್ತದೆ, ಆಸ್ಪತ್ರೆಗೆ ಸೇರಬೇಕಾಗುತ್ತದೆ. ಹೆಸರಿಲ್ಲದ ಪುಡಿ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಬೆರೆಸಿ ಕೊಡುವುದೂ ಇದೆ. ಯಾವುದಾದರೂ ಔಷಧ ನಾಲ್ಕೇ ದಿನದಲ್ಲಿ ಪವಾಡದ ಹಾಗೆ ಕೆಲಸ ಮಾಡಿದರೆ, ಅದರಲ್ಲಿ ಏನಿದೆ ಅಂತ ಕೇಳಿ. ಉತ್ತರ ಸಿಗದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಬಹಳ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ದಿಢೀರ್ ನಿಲ್ಲಿಸಬಾರದು, ಡಾಕ್ಟರ ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಇಳಿಸಬೇಕು.

ಹೆಜ್ಜೆ 7: ಮನಸ್ಸಿನ ಭಾರ

ಇದನ್ನು ಹೇಳಿದರೆ "ಎಲ್ಲದಕ್ಕೂ ಟೆನ್ಶನ್ ಅಂತಾರೆ" ಅಂತ ಬೇಸರವಾಗುತ್ತದೆ, ಗೊತ್ತು. ಆದರೆ ಚಿಂತೆ ಚರ್ಮದಲ್ಲೂ ಕೆಲಸ ಮಾಡುತ್ತದೆ. ಒತ್ತಡದಲ್ಲಿ ಹೊರಬರುವ ಹಾರ್ಮೋನುಗಳು, ನರದ ತುದಿಗಳು ಬಿಡುವ ರಾಸಾಯನಿಕಗಳು ಅಲ್ಲಿನ ಉರಿಯೂತಕ್ಕೆ ನೇರ ಸಂಬಂಧ ಇರುವಂಥವು. ಜೊತೆಗೆ ಚಿಂತೆಯಲ್ಲಿರುವಾಗ ನಿದ್ದೆ ಕೆಡುತ್ತದೆ, ಹೆಚ್ಚು ಕೆರೆಯುತ್ತೇವೆ, ಮುಲಾಮು ಹಚ್ಚುವುದು ತಪ್ಪುತ್ತದೆ, ಸಿಗರೇಟು ಕುಡಿತ ಜಾಸ್ತಿಯಾಗುತ್ತದೆ.

ಸೋರಿಯಾಸಿಸ್ ತಾನೇ ಒಂದು ಒತ್ತಡ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಉದ್ದ ತೋಳಿನ ಅಂಗಿ, ಕಪ್ಪು ಬಟ್ಟೆ ಹಾಕಿದರೆ ಭುಜದ ಮೇಲೆ ಹೊಟ್ಟು, ಯಾರಾದರೂ ಕೈ ಕುಲುಕಲು ಬಂದರೆ ಹಿಂಜರಿಕೆ. "ಟೆನ್ಶನ್ ಮಾಡ್ಕೋಬೇಡ" ಅನ್ನುವುದು ಇದಕ್ಕೆ ಪರಿಹಾರ ಅಲ್ಲ. ನಿದ್ದೆಯ ಹೊತ್ತು ಗಟ್ಟಿ ಮಾಡಿಕೊಳ್ಳುವುದು, ದಿನಾ ನಡೆಯುವುದು, ಮನೆಯಲ್ಲಿ ಒಬ್ಬರ ಹತ್ತಿರವಾದರೂ ಬಾಯಿಬಿಟ್ಟು ಹೇಳಿಕೊಳ್ಳುವುದು ಕೆಲಸ ಮಾಡುತ್ತವೆ. ಮನಸ್ಸು ತೀರಾ ಕುಗ್ಗಿದ್ದರೆ ಚರ್ಮದ ಡಾಕ್ಟರಿಗೇ ಹೇಳಿ. ಖಿನ್ನತೆ ಈ ರೋಗದ ಜೊತೆ ಬರುವುದು ಸಾಮಾನ್ಯ, ಅದಕ್ಕೂ ಚಿಕಿತ್ಸೆ ಇದೆ.

ಹೆಜ್ಜೆ 8: ಸಿಗರೇಟು, ಮದ್ಯ, ತೂಕ

ಸಿಗರೇಟು ಸೇದುವವರಲ್ಲಿ ಸೋರಿಯಾಸಿಸ್ ಬರುವ ಸಾಧ್ಯತೆ ಜಾಸ್ತಿ, ಬಂದಮೇಲೆ ಕೆರಳುವುದೂ ಜಾಸ್ತಿ. ಅಂಗೈ ಅಂಗಾಲಿನಲ್ಲಿ ಕೀವುಗುಳ್ಳೆ ಏಳುವ ಬಗೆಗೂ ಸಿಗರೇಟಿಗೂ ತುಂಬ ಗಟ್ಟಿ ನಂಟು. ಮದ್ಯ ರೋಗವನ್ನು ಕೆರಳಿಸುವುದಲ್ಲದೆ, ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲಿವರ್‌ಗೆ ಎರಡು ಕಡೆಯಿಂದ ಪೆಟ್ಟು. ತೂಕದ ವಿಷಯ ಹೀಗೆ: ಕೊಬ್ಬು ಸುಮ್ನೆ ಕೂತಿರುವ ವಸ್ತು ಅಲ್ಲ, ಆಗಲೇ ಹೇಳಿದ ಟಿಎನ್‌ಎಫ್‌ನಂಥ ಉರಿಯೂತದ ಸಂದೇಶಗಳನ್ನು ಅದೂ ಬಿಡುತ್ತದೆ. ತೂಕ ಜಾಸ್ತಿ ಇದ್ದವರು ಇಳಿಸಿಕೊಂಡಾಗ ಮಚ್ಚೆಗಳು ಕಡಿಮೆಯಾಗುವುದು, ಔಷಧ ಇನ್ನೂ ಚೆನ್ನಾಗಿ ಹತ್ತುವುದು ಅಧ್ಯಯನಗಳಲ್ಲಿ ಕಂಡಿದೆ.

ಹೆಜ್ಜೆ 9: ಹವೆ, ಬಿಸಿಲು, ಹಾರ್ಮೋನು, ಊಟ

ಚಳಿಗಾಲದ ಒಣ ಗಾಳಿಗೆ ಬಹಳ ಜನರಿಗೆ ಜಾಸ್ತಿಯಾಗುತ್ತದೆ. ಹದವಾದ ಬಿಸಿಲು ಹೆಚ್ಚಿನವರಿಗೆ ಒಳ್ಳೆಯದು, ಆಸ್ಪತ್ರೆಯಲ್ಲಿ ಕೊಡುವ ಬೆಳಕಿನ ಚಿಕಿತ್ಸೆಯ ಮೂಲವೂ ಅದೇ. ಆದರೆ ಚರ್ಮ ಸುಡುವಷ್ಟಾದರೆ ಅದೇ ಗಾಯವಾಗಿ ಕೆರಳುತ್ತದೆ, ಮತ್ತೆ ಕೆಲವರಿಗೆ ಬಿಸಿಲೇ ಆಗಿಬರುವುದಿಲ್ಲ. ಬಸುರಿನಲ್ಲಿ ಎಷ್ಟೋ ಹೆಂಗಸರಿಗೆ ಕಡಿಮೆಯಾಗಿ, ಹೆರಿಗೆಯಾದ ಕೆಲವು ವಾರಗಳಲ್ಲಿ ಮತ್ತೆ ಏಳುತ್ತದೆ. ಮೊದಲೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ.

ಊಟದ ಬಗ್ಗೆ ಎಲ್ಲರೂ ಒಂದೊಂದು ಹೇಳುತ್ತಾರೆ. ಎಲ್ಲರಿಗೂ ಸೋರಿಯಾಸಿಸ್ ತರುವ ಪದಾರ್ಥ ಅಂತ ಯಾವುದೂ ಸಾಬೀತಾಗಿಲ್ಲ. ಗ್ಲುಟೆನ್, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್, ಬಿಟ್ಟರೆ ಉಪಯೋಗ ಆಗುವುದು ಅದು ಕರುಳಿಗೆ ಆಗದ ಸೀಲಿಯಾಕ್ ರೋಗ ಇರುವವರಿಗೆ, ಅಥವಾ ರಕ್ತ ಪರೀಕ್ಷೆಯಲ್ಲಿ ಅದರ ಸುಳಿವು ಕಂಡವರಿಗೆ. ಹೊಟ್ಟೆಯ ತೊಂದರೆಯೂ ಇದ್ದರೆ ಆ ಪರೀಕ್ಷೆ ಕೇಳಿ. ಒಬ್ಬೊಬ್ಬರು ಹೇಳಿದ್ದನ್ನು ಕೇಳಿ ತಟ್ಟೆಯಿಂದ ಒಂದೊಂದೇ ತೆಗೆಯುತ್ತಾ ಹೋಗಿ ಕೊನೆಗೆ ಬಳಲುವ ಹಾಗೆ ಮಾಡಿಕೊಳ್ಳಬೇಡಿ, ಮಕ್ಕಳಿಗಂತೂ ಖಂಡಿತ ಬೇಡ.

ಹೆಜ್ಜೆ 10: ಬರೆದಿಡಿ, ಒಂದೊಂದನ್ನೇ ಬದಲಾಯಿಸಿ

ದಿನಾ ಪುಟಗಟ್ಟಲೆ ಬರೆಯಬೇಕಿಲ್ಲ. ವಾರಕ್ಕೊಮ್ಮೆ, ಪ್ರತಿ ವಾರವೂ ಅದೇ ದಿನ, ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ದೂರದಿಂದ ಎರಡು ಮೂರು ಮಚ್ಚೆಗಳ ಫೋಟೋ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟರೆ ಅಳತೆ ಗೊತ್ತಾಗುತ್ತದೆ. ಜೊತೆಗೆ ನಾಲ್ಕೇ ಸಾಲು: ತುರಿಕೆಗೆ ಹತ್ತಕ್ಕೆ ಎಷ್ಟು ಅಂಕ, ನಿದ್ದೆ ಹೇಗಿತ್ತು, ಕಾಯಿಲೆ ಗಾಯ ಏನಾದರೂ ಆಯಿತಾ, ಔಷಧದಲ್ಲಿ ಏನು ಬದಲಾಯಿತು.

ಏನನ್ನಾದರೂ ಬಿಟ್ಟು ನೋಡುವುದಿದ್ದರೆ ಒಂದನ್ನು ಮಾತ್ರ ಬಿಡಿ, ಆರರಿಂದ ಎಂಟು ವಾರ ಕೊಡಿ. ಸೋಪು, ಊಟ, ಮುಲಾಮು ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಕಡಿಮೆಯಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಸೋರಿಯಾಸಿಸ್ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಒಮ್ಮೆ ಹೊಂದಿಕೊಂಡದ್ದು ಕಾಕತಾಳೀಯ ಇರಬಹುದು, ಎರಡು ಮೂರು ಸಲ ಅದೇ ಕ್ರಮದಲ್ಲಿ ಆದರೆ ನಂಬಿ.

ಎಷ್ಟು ಹುಡುಕಿದರೂ ಯಾವ ಟ್ರಿಗರ್ ಕೂಡ ಸಿಗದೇ ಇರಬಹುದು. ಹಾಗಾಗುವುದು ಅಪರೂಪ ಅಲ್ಲ. ಮೂರು ನಾಲ್ಕು ತಿಂಗಳು ಬರೆದೂ ಏನೂ ಕಾಣದಿದ್ದರೆ ಪುಸ್ತಕ ಮುಚ್ಚಿಡಿ. ಚಿಕಿತ್ಸೆ ಟ್ರಿಗರ್ ಸಿಗಲಿ ಅಂತ ಕಾಯಬೇಕಿಲ್ಲ, ಎರಡೂ ಜೊತೆಜೊತೆಗೆ ನಡೆಯಬೇಕು.

ಹುಡುಕಾಟ ಬದಿಗಿಟ್ಟು ಡಾಕ್ಟರ ಹತ್ತಿರ ಓಡಬೇಕಾದ ಸಂದರ್ಭಗಳು

ಮೈಯ ಬಹುಭಾಗ ಕೆಂಪಗಾಗಿ, ಮುಟ್ಟಿದರೆ ಬಿಸಿ, ಚಳಿ ನಡುಕ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಮೈತುಂಬ ಕೀವುಗುಳ್ಳೆ ಎದ್ದರೂ ಹಾಗೆಯೇ. ಕಣ್ಣು ಕೆಂಪಗಾಗಿ ನೋವಿದ್ದು ದೃಷ್ಟಿ ಮಂಜಾದರೆ ಕಣ್ಣಿನ ಡಾಕ್ಟರನ್ನು ತಡಮಾಡದೆ ನೋಡಿ.

ಕೀಲುಗಳ ವಿಷಯ ಬೇರೆ, ಅದು ಸದ್ದಿಲ್ಲದೆ ಬರುತ್ತದೆ. ಸೋರಿಯಾಸಿಸ್ ಇರುವವರಲ್ಲಿ ಶೇಕಡಾ 30ರವರೆಗೂ ಜನರಿಗೆ ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆಗಿನ ಕೀಲಿನ ಉರಿಯೂತ, ಬರಬಹುದು. ಬೆಳಗ್ಗೆ ಎದ್ದಾಗ ಬೆರಳು, ಸೊಂಟ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿಯಾಗಿರುವುದು, ಒಂದು ಬೆರಳು ಬುಡದಿಂದ ತುದಿಯವರೆಗೆ ಪೂರ್ತಿ ಊದಿಕೊಳ್ಳುವುದು, ಹಿಮ್ಮಡಿ ನೋವು, ಉಗುರು ಹಾಳಾಗುವುದು ಇದರ ಗುರುತುಗಳು. ಹಾಳಾದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ, ಹಾಗಾಗಿ ವಾರಗಳ ಒಳಗೆ ತೋರಿಸಿ. ಕೀಲಿನ ಡಾಕ್ಟರ ಎದುರು ಕೂತ ತಕ್ಷಣ ಮೊದಲ ಮಾತೇ "ನನಗೆ ಸೋರಿಯಾಸಿಸ್ ಇದೆ" ಅಂತ ಇರಲಿ. ಕೂದಲಿನ ಒಳಗೋ ಬಟ್ಟೆಯ ಒಳಗೋ ಇರುವ ಚಿಕ್ಕ ಮಚ್ಚೆ ಅವರ ಕಣ್ಣಿಗೆ ಬೀಳದೇ ಹೋಗಬಹುದು.